ಒಂದು ಸಹಿಗೆ ಎಷ್ಟು ಬಲ? ಅಮೆರಿಕ ಅಧ್ಯಕ್ಷರ ಆದೇಶವೂ ಅಲ್ಲಿನ ಕಾನೂನೂ

ಪ್ರಶ್ನೆ: ನನ್ನ ಅಕ್ಕನ ಮಗ ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಒಂದು ಸಹಿ ಹಾಕಿ, ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಎಂದಾಗ ನಮ್ಮ ಮನೆಯಲ್ಲಿ ಎರಡು ದಿನ ಯಾರಿಗೂ ನಿದ್ದೆ ಇರಲಿಲ್ಲ. ಅಲ್ಲಿ ಸಂಸತ್ತು ಇಲ್ಲವೇ? ಒಬ್ಬರ ಸಹಿಗೇ ಇಷ್ಟು ಬಲ ಇದ್ದರೆ ಕಾನೂನು ಯಾತಕ್ಕೆ? ಮುಂದೆ ಬೇರೊಬ್ಬ ಅಧ್ಯಕ್ಷರು ಬಂದು ಇಂಥದ್ದೇ ಇನ್ನೊಂದು ಸಹಿಯಿಂದ ಭಾರತೀಯರ ಗ್ರೀನ್ ಕಾರ್ಡ್ ಸರದಿಯನ್ನು ಕರಗಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕರಗಿಸಲಾಗದು. ಯಾಕೆ ಎಂಬುದರಲ್ಲೇ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಇದೆ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಸುದ್ದಿಗಳಲ್ಲಿ ಅಮೆರಿಕ ಅಧ್ಯಕ್ಷರ ಇಂಥ ಆದೇಶಗಳನ್ನು ಕೆಲವೊಮ್ಮೆ ‘ಸುಗ್ರೀವಾಜ್ಞೆ’ ಎಂದು ಬರೆದುಬಿಡುತ್ತಾರೆ. ಅದು ತಪ್ಪು, ಸಣ್ಣ ತಪ್ಪೂ ಅಲ್ಲ. ನಮ್ಮ ಸುಗ್ರೀವಾಜ್ಞೆ ಸಂವಿಧಾನದ 123 ಮತ್ತು 213ನೇ ವಿಧಿಗಳಿಂದ ಹುಟ್ಟಿದ್ದು. ಸದನ ಸೇರಿಲ್ಲದ ಹೊತ್ತಿನಲ್ಲಿ ಬರುತ್ತದೆ, ಇರುವಷ್ಟು ದಿನ ಕಾಯ್ದೆಯಷ್ಟೇ ಬಲ ಹೊಂದಿರುತ್ತದೆ, ಸದನ ಮತ್ತೆ ಸೇರಿ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಸತ್ತುಹೋಗುತ್ತದೆ. ಅಮೆರಿಕದ ಸಂವಿಧಾನದಲ್ಲಿ ಇದಕ್ಕೆ ಸಾಟಿಯಾದದ್ದು ಏನೂ ಇಲ್ಲ. ಅಲ್ಲಿನ ಮೊದಲ ವಿಧಿಯ ಮೊದಲ ಸಾಲೇ, ಸಂವಿಧಾನ ಕೊಟ್ಟ ಶಾಸನಾಧಿಕಾರವೆಲ್ಲ ಕಾಂಗ್ರೆಸ್ಸಿನದು ಎನ್ನುತ್ತದೆ. ಕಾಂಗ್ರೆಸ್ ಎಂದರೆ ಅಲ್ಲಿನ ಸಂಸತ್ತು. ಎರಡನೇ ವಿಧಿ ಅಧ್ಯಕ್ಷರಿಗೆ ಕಾರ್ಯಾಂಗದ ಅಧಿಕಾರ ಕೊಡುತ್ತದೆ, ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ‘ಕಾರ್ಯಕಾರಿ ಆದೇಶ’ ಎಂಬ ಪದ ಇಡೀ ಸಂವಿಧಾನದಲ್ಲಿ ಎಲ್ಲೂ ಇಲ್ಲ. ಹೇಳಿದ ಗಡುವಿನೊಳಗೆ ಬಾರದ ವಾನರರಿಗೆ ಮರಣದಂಡನೆ ಎಂದ ಸುಗ್ರೀವನ ಮಾತಿನ ಗತ್ತು ಶ್ವೇತಭವನದ ಕಾಗದಕ್ಕೆ ತಾನಾಗಿ ಬರುವುದಿಲ್ಲ.

ಹಾಗಾದರೆ ಅದು ಏನು? ಯಜಮಾನ ತನ್ನ ಕೈಕೆಳಗಿನ ನೌಕರರಿಗೆ ಕೊಡುವ ಲಿಖಿತ ಸೂಚನೆ. ಇಲಾಖೆಯ ಸುತ್ತೋಲೆಯ ದೊಡ್ಡಣ್ಣ ಅನ್ನಿ. ಲಕ್ಷಾಂತರ ನೌಕರರಿರುವ, ಲಕ್ಷಕೋಟಿಗಳಲ್ಲಿ ಗುತ್ತಿಗೆ ಕೊಡುವ ಸರ್ಕಾರದ ಯಜಮಾನ ಬರೆದ ಸುತ್ತೋಲೆಯಾದ್ದರಿಂದ ಅದರ ಪರಿಣಾಮ ಊರೆಲ್ಲ ಕಾಣುತ್ತದೆ. ಆದರೆ ಅದರಲ್ಲಿರುವ ಬಲ ಎರವಲು ತಂದದ್ದು. ಒಂದೋ ಸಂವಿಧಾನ ನೇರವಾಗಿ ಅಧ್ಯಕ್ಷರಿಗೆ ಕೊಟ್ಟ ಅಧಿಕಾರ, ಉದಾಹರಣೆಗೆ ಸೇನೆಯ ಮುಖ್ಯಸ್ಥಿಕೆ ಅಥವಾ ಕ್ಷಮಾದಾನ. ಇಲ್ಲವೇ ಕಾಂಗ್ರೆಸ್ ಯಾವುದೋ ಕಾಯ್ದೆಯಲ್ಲಿ ವಹಿಸಿಕೊಟ್ಟ ಅಧಿಕಾರ. ಮೂರನೆಯ ಮೂಲ ಇಲ್ಲ. ಅಂದಹಾಗೆ, ಎಚ್-1ಬಿ ವಿಷಯದಲ್ಲಿ ಬಂದದ್ದು ತಾಂತ್ರಿಕವಾಗಿ ‘ಘೋಷಣೆ’. ಆದೇಶ, ಘೋಷಣೆ, ಜ್ಞಾಪನ ಎಂದು ಹೆಸರು ಬೇರೆ ಬೇರೆ ಇದ್ದರೂ ಬಲವನ್ನು ಅಳೆಯುವ ಸೇರು ಒಂದೇ: ಇದು ಯಾವ ಅಧಿಕಾರದ ಅಡಿ ಬಂತು?

ಅಧ್ಯಕ್ಷರ ಆದೇಶ ಬಂದಾಗ ನಾನು ತಲೆಬರಹ ಓದುವುದಿಲ್ಲ, ಬಾಲ ಓದುತ್ತೇನೆ. ನೀವೂ ಒಮ್ಮೆ ಓದಿ ನೋಡಿ. ಈಚಿನ ದಶಕಗಳ ಬಹುತೇಕ ಎಲ್ಲ ಆದೇಶಗಳ ಕೊನೆಯಲ್ಲೂ, ಯಾವ ಪಕ್ಷದ ಅಧ್ಯಕ್ಷರೇ ಆಗಿರಲಿ, ಹೆಚ್ಚುಕಮ್ಮಿ ಒಂದೇ ಒಕ್ಕಣೆ ಇರುತ್ತದೆ. ಈ ಆದೇಶವನ್ನು ಚಾಲ್ತಿಯಲ್ಲಿರುವ ಕಾನೂನಿಗೆ ಅನುಗುಣವಾಗಿ, ಹಣ ಮಂಜೂರಾಗಿರುವ ಮಟ್ಟಿಗೆ ಜಾರಿ ಮಾಡತಕ್ಕದ್ದು. ಇದರಿಂದ ಯಾರಿಗೂ ಸರ್ಕಾರದ ವಿರುದ್ಧ ನ್ಯಾಯಾಲಯದಲ್ಲಿ ಕೇಳಬಹುದಾದ ಯಾವ ಹಕ್ಕೂ ಉಂಟಾಗುವುದಿಲ್ಲ. ಕ್ಯಾಮೆರಾಗಳ ಮುಂದೆ ದಪ್ಪ ಪೆನ್ನು ಹಿಡಿದು ಸಹಿ ಮಾಡಿದ ಕಾಗದ ತನ್ನ ಕೊನೆಯ ಪ್ಯಾರಾದಲ್ಲಿ ಮೆಲ್ಲಗೆ ಒಪ್ಪಿಕೊಳ್ಳುವ ಸತ್ಯ ಇದು: ಕಾನೂನು ನನಗಿಂತ ಮೇಲೆ, ಹಣ ನನ್ನ ಕೈಯಲ್ಲಿಲ್ಲ, ಹಕ್ಕು ಕೊಡುವುದು ನನ್ನಿಂದಾಗದು.

ಈ ಮೂರನ್ನೂ ಒಂದೇ ಕಥೆಯಲ್ಲಿ ತೋರಿಸುವುದು ಕಷ್ಟ. ಆದರೂ ಟಿಕ್‌ಟಾಕ್ ಪ್ರಕರಣ ಸುಮಾರಾಗಿ ಆ ಕೆಲಸ ಮಾಡುತ್ತದೆ. 2020ರ ಆಗಸ್ಟ್‌ನಲ್ಲಿ ಟ್ರಂಪ್ ಆದೇಶ ಹೊರಡಿಸಿ ಆ ಆ್ಯಪನ್ನು ನಿಷೇಧಿಸಲು ಹೊರಟರು. ಆಧಾರವಾಗಿ ತೋರಿಸಿದ್ದು ತುರ್ತು ಆರ್ಥಿಕ ಅಧಿಕಾರಗಳ 1977ರ ಕಾಯ್ದೆ. ಆ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ. ಮಾಹಿತಿ ಸಾಮಗ್ರಿಯ ವಿನಿಮಯವನ್ನು, ಖಾಸಗಿ ಸಂವಹನವನ್ನು ಈ ಅಧಿಕಾರ ಬಳಸಿ ತಡೆಯುವಂತಿಲ್ಲ. ಸೆಪ್ಟೆಂಬರ್ 27ರಂದು, ನಿಷೇಧ ಜಾರಿಗೆ ಬರಲು ಕೆಲವೇ ಗಂಟೆಗಳಿರುವಾಗ, ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಧೀಶರು ಇದೇ ಕಾರಣಕ್ಕೆ ತಡೆ ಕೊಟ್ಟರು. ಎರವಲು ಕೊಟ್ಟವರು ಹಾಕಿದ್ದ ಷರತ್ತನ್ನು ಎರವಲು ಪಡೆದವರು ಮುರಿಯುವಂತಿರಲಿಲ್ಲ. 2021ರ ಜೂನ್‌ನಲ್ಲಿ ಬೈಡನ್ ಆ ಆದೇಶವನ್ನೇ ರದ್ದು ಮಾಡಿದರು.

ಅದೇ ಆ್ಯಪ್ ಮೇಲೆ 2024ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಕಾಯ್ದೆ ಮಾಡಿತು. ಚೀನಾದ ಮಾತೃಸಂಸ್ಥೆ ಮಾರಾಟ ಮಾಡದಿದ್ದರೆ 2025ರ ಜನವರಿ 19ರಿಂದ ನಿಷೇಧ. ಕಂಪನಿ ಕೋರ್ಟಿಗೆ ಹೋಯಿತು. ಜನವರಿ 17ರಂದು ಸುಪ್ರೀಂ ಕೋರ್ಟ್ ಒಂದೇ ಒಂದು ಭಿನ್ನಮತವಿಲ್ಲದೆ ಕಾಯ್ದೆಯನ್ನು ಎತ್ತಿಹಿಡಿಯಿತು. ಆದೇಶಕ್ಕೆ ಆಗದ್ದು ಕಾಯ್ದೆಗೆ ಆಯಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ನನ್ನ ವಾದಕ್ಕೆ ಎಷ್ಟು ಅನುಕೂಲವಾಗುತ್ತಿತ್ತು! ಮೂರೇ ದಿನದಲ್ಲಿ, ಜನವರಿ 20ರಂದು, ಟ್ರಂಪ್ ಇನ್ನೊಂದು ಆದೇಶ ಹೊರಡಿಸಿ, 75 ದಿನ ಈ ಕಾಯ್ದೆಯನ್ನು ಜಾರಿ ಮಾಡಬೇಡಿ ಎಂದು ಅಲ್ಲಿನ ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್‌ಗೆ ಸೂಚಿಸಿದರು. ಮತ್ತೆ ಮತ್ತೆ ಅವಧಿ ವಿಸ್ತರಿಸಿದರು. ಕಾನೂನನ್ನು ಅಳಿಸುವ ಅಧಿಕಾರ ಅಧ್ಯಕ್ಷರಿಗಿಲ್ಲ, ಆದರೆ ಜಾರಿ ಮಾಡಬೇಕಾದ ಕೈಯೇ ಅವರದು. ಆ ಕೈ ಸುಮ್ಮನೆ ಕಟ್ಟಿ ಕೂತರೆ ಕೇಳುವವರು ಕಡಿಮೆ. ಆದೇಶದ ಬಲ ಎಲ್ಲಕ್ಕಿಂತ ಹೆಚ್ಚಿರುವುದು ಮಾಡುವುದರಲ್ಲಲ್ಲ, ಮಾಡದಿರುವುದರಲ್ಲಿ ಎಂದು ನನ್ನ ಅನಿಸಿಕೆ. ನನಗೆ ಭಯ ಹುಟ್ಟಿಸುವುದೂ ಅದೇ. ಹಾಗಿದ್ದೂ ಇಲ್ಲಿ ಒಂದು ಸಣ್ಣ ವಿವರ ಗಮನಿಸಿ. ಅಧ್ಯಕ್ಷರ ಭರವಸೆ ಇದ್ದರೂ ಆಪಲ್ ಮತ್ತು ಗೂಗಲ್ ತಮ್ಮ ಆ್ಯಪ್ ಸ್ಟೋರ್‌ಗಳಿಗೆ ಟಿಕ್‌ಟಾಕನ್ನು ಮರಳಿ ತಂದದ್ದು ಫೆಬ್ರುವರಿ 13ಕ್ಕೆ, ಅದೂ ಅಟಾರ್ನಿ ಜನರಲ್ ಕಡೆಯಿಂದ ಪತ್ರ ಬಂದ ಮೇಲೆ. ಕಾಯ್ದೆಯಲ್ಲಿದ್ದ ದಂಡ ಒಬ್ಬ ಬಳಕೆದಾರನಿಗೆ 5,000 ಡಾಲರ್‌ವರೆಗೆ. ಇವತ್ತಿನ ಅಧ್ಯಕ್ಷರು ಮುಟ್ಟುವುದಿಲ್ಲ ಎಂದರೂ ನಾಳೆಯವರು ಅದೇ ಪುಟ ತೆರೆಯಬಹುದು. ಅವರ ವಕೀಲರು ಆದೇಶವನ್ನು ನಂಬುವ ಮುಂಚೆ ಕಾಯ್ದೆಗೆ ಹೆದರಿದರು.

ಇನ್ನು ಈ ಗಡಿಯನ್ನು ಕೋರ್ಟು ಗೀಚಿದ್ದು ಯಾವಾಗ ಎಂಬ ಕಥೆ. 1952, ಕೊರಿಯಾ ಯುದ್ಧದ ಕಾಲ. ಉಕ್ಕಿನ ಕಾರ್ಖಾನೆಗಳ ಕಾರ್ಮಿಕರು ಮುಷ್ಕರಕ್ಕೆ ಸಜ್ಜಾಗಿದ್ದರು. ಏಪ್ರಿಲ್ 8ರಂದು ಅಧ್ಯಕ್ಷ ಟ್ರೂಮನ್, ದೇಶದ ಬಹುತೇಕ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಳ್ಳಿ ಎಂದು ವಾಣಿಜ್ಯ ಸಚಿವ ಸಾಯರ್ ಅವರಿಗೆ ಆದೇಶ ಕೊಟ್ಟರು. ಯುದ್ಧಕ್ಕೆ ಉಕ್ಕು ಬೇಕು, ನಾನು ಸೇನೆಯ ಮುಖ್ಯಸ್ಥ ಎಂಬುದು ಅವರ ತರ್ಕ. ಜೂನ್ 2ರಂದು ಸುಪ್ರೀಂ ಕೋರ್ಟ್ 6–3ರಿಂದ ಆದೇಶವನ್ನು ತಳ್ಳಿಹಾಕಿತು. ಟ್ರೂಮನ್ ತಾವೇ ನೇಮಿಸಿದ್ದ ನಾಲ್ವರಲ್ಲಿ ಇಬ್ಬರು ಅವರ ವಿರುದ್ಧ ನಿಂತರು. ಕಾರ್ಖಾನೆಗಳು ಮಾಲೀಕರಿಗೆ ಮರಳಿದವು, ಮುಷ್ಕರ ಶುರುವಾಯಿತು, 53 ದಿನ ನಡೆಯಿತು.

ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್. ಆದರೆ ಇಂದಿಗೂ ಎಲ್ಲರೂ ಉಲ್ಲೇಖಿಸುವುದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಪ್ರತ್ಯೇಕವಾಗಿ ಬರೆದ ಸಹಮತದ ತೀರ್ಪನ್ನು. ಅವರ ಲೆಕ್ಕ ಸರಳ. ಕಾಂಗ್ರೆಸ್ ಅಧಿಕಾರ ಕೊಟ್ಟಿರುವ ಕಡೆ ಅಧ್ಯಕ್ಷರ ಬಲ ತುದಿ ಮುಟ್ಟುತ್ತದೆ. ಕಾಂಗ್ರೆಸ್ ಏನೂ ಹೇಳದಿರುವ ಕಡೆ ಮಬ್ಬುಬೆಳಕು, ಸಂದರ್ಭ ನೋಡಿ ತೀರ್ಮಾನ. ಕಾಂಗ್ರೆಸ್ಸಿನ ಇಚ್ಛೆಗೆ ವಿರುದ್ಧವಾಗಿ ಹೋದ ಕಡೆ ಬಲ ತಳ ಸೇರುತ್ತದೆ. ಟ್ರೂಮನ್ ಸಿಕ್ಕಿಕೊಂಡದ್ದು ಮೂರನೆಯದರಲ್ಲಿ. 1947ರಲ್ಲಿ ಕಾರ್ಮಿಕ ಕಾಯ್ದೆ ಮಾಡುವಾಗ, ಮುಷ್ಕರ ತಡೆಯಲು ಕಾರ್ಖಾನೆ ವಶಪಡಿಸಿಕೊಳ್ಳುವ ಅಧಿಕಾರ ಕೊಡಬೇಕೇ ಎಂದು ಕಾಂಗ್ರೆಸ್ ಯೋಚಿಸಿ, ಬೇಡ ಎಂದಿತ್ತು.

ಈಗ ನಿಮ್ಮ 1,00,000 ಡಾಲರಿಗೆ ಬರೋಣ, ಏಕೆಂದರೆ ಅದರ ಬೇರೂ ಇದೇ ತಿಂಗಳಲ್ಲಿದೆ. ಉಕ್ಕಿನ ತೀರ್ಪು ಬಂದು ನಾಲ್ಕು ವಾರ ಕಳೆಯುವುದರೊಳಗೆ, 1952ರ ಜೂನ್ 27ರಂದು, ಕಾಂಗ್ರೆಸ್ ಟ್ರೂಮನ್ನರ ವೀಟೊ ಮೀರಿ ವಲಸೆ ಮತ್ತು ಪೌರತ್ವ ಕಾಯ್ದೆಯನ್ನು ಮಾಡಿತು. ಅದರ ಒಂದು ಉಪಕಲಂ, ವಿದೇಶೀಯರ ಯಾವುದೇ ವರ್ಗದ ಪ್ರವೇಶ ದೇಶಹಿತಕ್ಕೆ ಮಾರಕ ಎಂದು ಅಧ್ಯಕ್ಷರಿಗೆ ಕಂಡರೆ ಘೋಷಣೆಯ ಮೂಲಕ ಆ ಪ್ರವೇಶವನ್ನು ತಡೆಹಿಡಿಯಬಹುದು ಎನ್ನುತ್ತದೆ. ಕೆಲವು ದೇಶಗಳ ಪ್ರಜೆಗಳ ಪ್ರವೇಶ ನಿಷೇಧದ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಈ ಉಪಕಲಮನ್ನು ಬಹಳ ವಿಶಾಲವಾಗಿ ಓದಿತು, 5–4ರಿಂದ. 2025ರ ಪೆನ್ನಿಗೆ ಶಾಯಿ ತುಂಬಿದ್ದು ಇದೇ 1952ರ ಕಾಯ್ದೆ. ಅಂದರೆ ‘ಸಂಸತ್ತು ಇಲ್ಲವೇ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ಇದೆ, ಕೀಲಿಕೈಯನ್ನು ಕೊಟ್ಟವರೇ ಅವರು. ಅಧ್ಯಕ್ಷರು ಅಧಿಕಾರ ಕಸಿದುಕೊಂಡರು ಎಂದು ನಾವು ಕೂಗುವ ಎಷ್ಟೋ ಕಡೆ ನಿಜವಾಗಿ ನಡೆದಿರುವುದು ಕಾಂಗ್ರೆಸ್ ದಶಕಗಳ ಹಿಂದೆ ಕೊಟ್ಟು ಮರೆತದ್ದು.

ಆ ಘೋಷಣೆಯ ಒಳಮೈ ನೋಡಿದರೆ ಎರವಲಿನ ಗುರುತುಗಳು ಎದ್ದು ಕಾಣುತ್ತವೆ. ಅದು ‘ತೆರಿಗೆ’ ಎನ್ನುವುದಿಲ್ಲ, ಹಣ ಕಟ್ಟದಿದ್ದರೆ ಪ್ರವೇಶವಿಲ್ಲ ಎನ್ನುತ್ತದೆ, ಏಕೆಂದರೆ ತಡೆಯುವ ಅಧಿಕಾರವಿರುವುದು ಪ್ರವೇಶವನ್ನು ಮಾತ್ರ. ವಿಸ್ತರಿಸದಿದ್ದರೆ 12 ತಿಂಗಳಿಗೆ ಮುಗಿಯುತ್ತದೆ ಎಂದು ಅದರಲ್ಲೇ ಬರೆದಿದೆ. ಆಗಲೇ ವೀಸಾ ಇದ್ದವರಿಗೆ ಅದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಮರುದಿನವೇ ಬಂತು. ನಿಮ್ಮ ಅಕ್ಕನ ಮಗ ಅಷ್ಟರಲ್ಲಿ ವಿಮಾನದ ಟಿಕೆಟ್‌ಗೆ ಓಡಿರದಿದ್ದರೆ ಪುಣ್ಯವಂತ. ಮತ್ತು ವರ್ಷಕ್ಕೆ 65,000 ಎಚ್-1ಬಿ, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಸಂಖ್ಯೆ ಇದೆಯಲ್ಲ, ಅದನ್ನು ಘೋಷಣೆ ಬದಲಿಸಿಲ್ಲ. ಅದು ಕಾಯ್ದೆಯಲ್ಲಿ ಕೂತಿದೆ.

ಬಾಲದಲ್ಲಿ ಹೇಳಿದ ಎರಡನೆಯ ಮಾತು ಹಣದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. 2009ರ ಜನವರಿ 22ರಂದು, ಅಧಿಕಾರಕ್ಕೆ ಬಂದ ಎರಡನೇ ಪೂರ್ಣ ದಿನವೇ, ಒಬಾಮಾ ಕ್ಯೂಬಾ ನೆಲದಲ್ಲಿರುವ ಗ್ವಾಂಟನಾಮೊ ಸೆರೆಮನೆಯನ್ನು ಒಂದು ವರ್ಷದೊಳಗೆ ಮುಚ್ಚಬೇಕು ಎಂದು ಆದೇಶಿಸಿದರು. ಕೈದಿಗಳನ್ನು ಅಮೆರಿಕದ ನೆಲಕ್ಕೆ ತರಲು ಒಂದು ಡಾಲರನ್ನೂ ಬಳಸುವಂತಿಲ್ಲ ಎಂದು ಕಾಂಗ್ರೆಸ್ ಅನುದಾನದ ಮಸೂದೆಗಳಲ್ಲಿ ಬರೆಯಿತು. ಎಂಟು ವರ್ಷ ಕಳೆದು ಅವರು ಮನೆಗೆ ಹೋದಾಗಲೂ ಸೆರೆಮನೆ ಅಲ್ಲೇ ಇತ್ತು. ಇದಕ್ಕಿಂತ ಹಳೆಯ ಪಾಠ 1941ರದ್ದು. ರಕ್ಷಣಾ ಕಾರ್ಖಾನೆಗಳಲ್ಲಿ ಜನಾಂಗಭೇದ ಮಾಡಬಾರದು ಎಂದು ರೂಸ್‌ವೆಲ್ಟ್ ಆದೇಶಿಸಿ, ನೋಡಿಕೊಳ್ಳಲು ಒಂದು ಸಮಿತಿ ಕಟ್ಟಿದರು. 1944ರಲ್ಲಿ ಕಾಂಗ್ರೆಸ್, ಆದೇಶದಿಂದ ಹುಟ್ಟಿದ ಸಂಸ್ಥೆ ಒಂದು ವರ್ಷ ದಾಟಿದರೆ ನಾವು ಮಂಜೂರು ಮಾಡದ ಹಣ ಅದಕ್ಕಿಲ್ಲ ಎಂದಿತು. 1946ಕ್ಕೆ ಸಮಿತಿ ಬಾಗಿಲು ಹಾಕಿತು.

ಶಿಕ್ಷೆಯ ವಿಷಯವೂ ಹೀಗೇ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ತಳ್ಳಿದ್ದು 1942ರ ಫೆಬ್ರುವರಿ 19ರ ರೂಸ್‌ವೆಲ್ಟ್ ಆದೇಶ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಸರಿಯಲ್ಲ. ಆದೇಶ ಸೇನಾಧಿಕಾರಿಗಳಿಗೆ ವಲಯ ಗುರುತಿಸಲು ಅಧಿಕಾರ ಕೊಟ್ಟಿತು, ಆದರೆ ಅದನ್ನು ಮೀರಿದವರನ್ನು ಜೈಲಿಗೆ ಕಳಿಸಲು ಅದೊಂದೇ ಸಾಲುತ್ತಿರಲಿಲ್ಲ. ಅಪರಾಧ ಎಂದು ಸಾರಲು ಕಾಯ್ದೆ ಬೇಕಿತ್ತು. ತಿಂಗಳ ಮೇಲೆ ಎರಡು ದಿನಕ್ಕೆ, ಮಾರ್ಚ್ 21ರಂದು, ಕಾಂಗ್ರೆಸ್ ಅದನ್ನು ಒದಗಿಸಿತು. ಪರಿಹಾರಕ್ಕೂ ಕಾಯ್ದೆಯೇ ಬೇಕಾಯಿತು. ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಕೊಟ್ಟದ್ದು 1988ರ ಶಾಸನ. ಕಾಂಗ್ರೆಸ್ ಎಂದರೆ ಸದಾ ಒಳ್ಳೆಯವರ ಪಾಳಯ, ಅಧ್ಯಕ್ಷರೆಂದರೆ ಖಳನಾಯಕ ಎಂದುಕೊಳ್ಳುವವರು ಈ ಪುಟವನ್ನು ಎರಡು ಸಲ ಓದಬೇಕು.

ಆಯುಷ್ಯದ ವಿಷಯಕ್ಕೆ ಬಂದರೆ ನನಗೆ ಅತ್ಯಂತ ಕಾಡುವ ಜೋಡಿ ಒಂದಿದೆ. ಕೆಲಸ ಕೊಡುವಾಗ ಬಣ್ಣ, ಧರ್ಮ, ಲಿಂಗ, ಮೂಲ ನೋಡಬಾರದು ಎಂದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ವಾರಗಟ್ಟಲೆ ಭಾಷಣಗಳ ಅಡ್ಡಗೋಡೆ ಎದುರಿಸಿತು. ಚರ್ಚೆ ನಿಲ್ಲಿಸಲು 71–29ರ ಮತ ಬೇಕಾಯಿತು. ಮರುವರ್ಷ, 1965ರ ಸೆಪ್ಟೆಂಬರ್ 24ರಂದು, ಅಧ್ಯಕ್ಷ ಜಾನ್ಸನ್ ಒಂದು ಸಹಿಯಿಂದ ಸರ್ಕಾರಿ ಗುತ್ತಿಗೆದಾರರು ಸಮಾನಾವಕಾಶಕ್ಕೆ ಮುಂದಾಗಿ ಕ್ರಮ ಕೈಗೊಳ್ಳಬೇಕು ಎಂದು ಆದೇಶಿಸಿದರು. ಎರಡೂ ಸುಮಾರು ಅರವತ್ತು ವರ್ಷ ಅಕ್ಕಪಕ್ಕ ನಡೆದವು. ರಿಪಬ್ಲಿಕನ್ ಅಧ್ಯಕ್ಷರೂ ಆ ಆದೇಶವನ್ನು ಹಾಗೇ ಬಿಟ್ಟಿದ್ದರು, ಎಷ್ಟರಮಟ್ಟಿಗೆ ಎಂದರೆ ಅದು ಕಾನೂನೇ ಎಂದು ಜನ ಭಾವಿಸಿದ್ದರು. 2025ರ ಜನವರಿ 21ರಂದು ಟ್ರಂಪ್ ಅದನ್ನು ಒಂದು ಸಹಿಯಿಂದ ಅಳಿಸಿದರು. 1964ರ ಕಾಯ್ದೆ ನಿಂತಿದೆ. ಅದನ್ನು ತೆಗೆಯಬೇಕಾದರೆ ಮತ್ತೆ ಎರಡೂ ಸದನ ದಾಟಬೇಕು, ಸೆನೆಟ್ಟಿನಲ್ಲಿ ಚರ್ಚೆ ಮುಗಿಸಲು ಈಗ 60 ಮತ ಬೇಕು.

ಕಾಯ್ದೆ ತೆಗೆಯುವುದು ಎಷ್ಟು ಕಷ್ಟ ಎಂಬುದನ್ನು ಟ್ರಂಪ್ ಅವರೇ ಮೊದಲ ಅವಧಿಯಲ್ಲಿ ಕಂಡರು. ಒಬಾಮಾ ಕಾಲದ ಆರೋಗ್ಯ ವಿಮೆ ಕಾಯ್ದೆಯ ವಿರುದ್ಧ 2017ರ ಜನವರಿ 20ರಂದು, ಮೊದಲ ದಿನವೇ, ಆದೇಶ ಹೊರಡಿಸಿದರು. ಆದೇಶ ಹೇಳಿದ್ದು ಇಷ್ಟೇ: ಕಾನೂನು ಅವಕಾಶ ಕೊಡುವಷ್ಟರ ಮಟ್ಟಿಗೆ ಅದರ ಹೊರೆ ತಗ್ಗಿಸಿ. ಕಾಯ್ದೆಯನ್ನೇ ಕೆಡವಲು ಸೆನೆಟ್ಟಿಗೆ ಹೋಗಬೇಕಾಯಿತು. ಅಲ್ಲಿ ಜುಲೈ 28ರ ನಸುಕಿನಲ್ಲಿ, ಅವರದೇ ಪಕ್ಷದ ಜಾನ್ ಮೆಕೇನ್ ಹೆಬ್ಬೆರಳು ಕೆಳಗಿಳಿಸಿ, 49–51ರಿಂದ ಮಸೂದೆ ಬಿತ್ತು.

ಇವೆರಡರ ನಡುವೆ ಇನ್ನೊಂದು ಮೆಟ್ಟಿಲಿದೆ, ನಿಮ್ಮಂಥ ಕುಟುಂಬಗಳಿಗೆ ಅದೇ ಹೆಚ್ಚು ಮುಖ್ಯ: ಇಲಾಖೆಯ ನಿಯಮ. 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯ ಪ್ರಕಾರ ನಿಯಮ ಮಾಡಲು ಕರಡು ಪ್ರಕಟಿಸಬೇಕು, ಸಾರ್ವಜನಿಕರ ಅಭಿಪ್ರಾಯ ಕೇಳಬೇಕು, ಕಾರಣ ಕೊಡಬೇಕು. ತೆಗೆಯಲೂ ಅದೇ ದಾರಿ. ಎಚ್-1ಬಿ ನೌಕರರ ಪತಿ ಅಥವಾ ಪತ್ನಿಯರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಸಿಕ್ಕಿದ್ದು 2015ರ ಇಂಥ ನಿಯಮದಿಂದ. ಟ್ರಂಪ್ ಅವರ ಮೊದಲ ಸರ್ಕಾರ ಅದನ್ನು ತೆಗೆಯುತ್ತೇವೆ ಎಂದು ವರ್ಷಗಟ್ಟಲೆ ಹೇಳುತ್ತ ಬಂತು, ಮುಗಿಸಲಾಗಲಿಲ್ಲ. 2021ರ ಜನವರಿಯಲ್ಲಿ ಬೈಡನ್ ಸರ್ಕಾರ ಆ ಪ್ರಸ್ತಾವವನ್ನೇ ಹಿಂಪಡೆಯಿತು. ಬಾಲ್ಯದಲ್ಲೇ ದಾಖಲೆಯಿಲ್ಲದೆ ಅಮೆರಿಕಕ್ಕೆ ಬಂದವರಿಗೆ 2012ರಲ್ಲಿ ಕೊಟ್ಟ ರಕ್ಷಣೆಯಂತೂ ಬರೀ ಇಲಾಖಾ ಜ್ಞಾಪನ. ಅದನ್ನು ರದ್ದು ಮಾಡಿದ ರೀತಿಯೂ ಸರಿಯಾದ ಕಾರಣ ಕೊಡದ ಮನಸೋಇಚ್ಛೆಯ ಕ್ರಮ ಎಂದು 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಹೇಳಿತು.

ಇಷ್ಟೆಲ್ಲ ಮಿತಿ ಇದ್ದರೂ ಅಧ್ಯಕ್ಷರು ಆದೇಶಗಳನ್ನು ಯಾಕೆ ಹೊರಡಿಸುತ್ತಲೇ ಇರುತ್ತಾರೆ? ಬೇಗ ಆಗುತ್ತದೆ, ಕ್ಯಾಮೆರಾಗೆ ಕಾಣುತ್ತದೆ, ಬೆಂಬಲಿಗರಿಗೆ ತೋರಿಸಬಹುದು. ಕಾಂಗ್ರೆಸ್ ಕೈಕೊಟ್ಟರೆ ನನ್ನ ಬಳಿ ಪೆನ್ನಿದೆ, ಫೋನಿದೆ ಎಂದು 2014ರಲ್ಲಿ ಒಬಾಮಾ ಹೇಳಿದ್ದು ನೆನಪಿರಬಹುದು. ಜೊತೆಗೆ ಆದೇಶವನ್ನು ಕಾಂಗ್ರೆಸ್ ತಿರುಗಿಸಿ ಹೊಡೆಯುವುದೂ ಸುಲಭವಲ್ಲ. 2019ರಲ್ಲಿ ಗಡಿಗೋಡೆಗಾಗಿ ಸಾರಿದ ತುರ್ತುಸ್ಥಿತಿಯನ್ನು ರದ್ದು ಮಾಡುವ ನಿರ್ಣಯ ಎರಡೂ ಸದನಗಳಲ್ಲಿ ಗೆದ್ದಿತು, ಟ್ರಂಪ್ ವೀಟೊ ಮಾಡಿದರು, ವೀಟೊ ಮೀರಲು ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ.

ಈಗ ಗ್ರೀನ್ ಕಾರ್ಡ್ ಸರದಿ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ 7%ಕ್ಕಿಂತ ಹೆಚ್ಚಿಲ್ಲ. ಎರಡೂ ಸಂಖ್ಯೆಗಳು ಕಾಯ್ದೆಯಲ್ಲಿವೆ. ಜಾಕ್ಸನ್ ಹೇಳಿದ ಮೂರನೇ ವರ್ಗ ನೆನಪಿಸಿಕೊಳ್ಳಿ. ಕಾಂಗ್ರೆಸ್ ಅಂಕಿಯಲ್ಲೇ ಬರೆದಿಟ್ಟದ್ದನ್ನು ಅಧ್ಯಕ್ಷರ ಪೆನ್ನು ತಿದ್ದಲಾಗದು. ಅವರು ಮಾಡಬಹುದಾದದ್ದು ಅಂಚಿನ ಕೆಲಸಗಳು: ಬಳಕೆಯಾಗದ ಸಂಖ್ಯೆಗಳು ವ್ಯರ್ಥವಾಗದಂತೆ ಕಡತ ಬೇಗ ನೋಡಿ ಎನ್ನಬಹುದು, ಸರದಿಯಲ್ಲಿರುವವರಿಗೆ ಕೆಲಸದ ಪರವಾನಗಿ ಸಡಿಲಿಸುವ ನಿಯಮ ಶುರು ಮಾಡಿಸಬಹುದು. ಅದನ್ನು ಮುಂದಿನವರು ಬಿಗಿ ಮಾಡಲೂಬಹುದು.

ದೇಶವಾರು ಮಿತಿಯನ್ನೇ ತೆಗೆಯುವ ಮಸೂದೆ ಒಮ್ಮೆ ಗೆಲುವಿನ ಹೊಸ್ತಿಲವರೆಗೆ ಬಂದಿತ್ತು. 2019ರ ಜುಲೈ 10ರಂದು ಕೆಳಮನೆಯಾದ ಪ್ರತಿನಿಧಿ ಸಭೆ ಅದನ್ನು 365–65ರಿಂದ ಪಾಸು ಮಾಡಿತು. ಸೆನೆಟ್ ತನ್ನದೇ ತಿದ್ದುಪಡಿಗಳ ಇನ್ನೊಂದು ರೂಪವನ್ನು 2020ರ ಡಿಸೆಂಬರ್ 2ರಂದು ಸರ್ವಾನುಮತದಿಂದ ಒಪ್ಪಿತು. ಎರಡು ರೂಪಗಳನ್ನು ಹೊಂದಿಸಿ ಒಂದು ಮಾಡಲು ಉಳಿದಿದ್ದ ಸಮಯ ಒಂದು ತಿಂಗಳು. ಅಷ್ಟರೊಳಗೆ ಆಗಲಿಲ್ಲ. 2021ರ ಜನವರಿ 3ಕ್ಕೆ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆಯೂ ಅದರೊಂದಿಗೆ ಹೋಯಿತು.